ಎರಡು ಚೌಕಗಳ ಅರ್ಜಿ

ಶಿಕ್ಷಣ ಕಚೇರಿಯ ಕಾಗದ ಬಂದದ್ದು ಸೆಪ್ಟೆಂಬರಿನ ಎರಡನೇ ವಾರ. ತಂದ ಜವಾನ ಒಂದು ಲೋಟ ನೀರು ಕೇಳಿ ಕುಡಿದ, ಇನ್ನೊಂದು ಲೋಟ ಕೇಳಿ ತಲೆಗೆ ಸುರಿದುಕೊಂಡ, ಸಹಿ ಹಾಕಿಸಿಕೊಂಡು ಹೋದ. ನಾನು ಲಕೋಟೆಯನ್ನು ಒಡೆಯದೆ ಮೇಜಿನ ಮೇಲೇ ಬಿಟ್ಟು ಎರಡು ಪಿರಿಯಡ್ ಪಾಠ ಮಾಡಿ ಬಂದೆ. ಮೂವತ್ತೊಂದು ವರ್ಷ ಇದೇ ಶಾಲೆಯಲ್ಲಿದ್ದು, ಅದರಲ್ಲಿ ಹನ್ನೆರಡು ವರ್ಷ ಮುಖ್ಯೋಪಾಧ್ಯಾಯಿನಿಯಾಗಿರುವವಳಿಗೆ ಲಕೋಟೆಯ ದಪ್ಪ ನೋಡಿದರೆ ಒಳಗೇನಿದೆ ಎಂದು ಗೊತ್ತಾಗುತ್ತದೆ. ತೆಳ್ಳಗಿದ್ದರೆ ಯಾವುದೋ ದಿನಾಚರಣೆಯ ಸುತ್ತೋಲೆ. ದಪ್ಪಗಿದ್ದರೆ ನಾವು ಬದಲಾಗಬೇಕು ಎಂದರ್ಥ.

ಇದು ದಪ್ಪಗಿತ್ತು. ನಮ್ಮೂರು ಲೊಮಾ ಪ್ರಿಯೆತಾದ ತಾಂತ್ರಿಕ ಪ್ರೌಢಶಾಲೆಯ 'ಭಾರಿ ಯಂತ್ರಗಳ ದುರಸ್ತಿ' ವಿಭಾಗವನ್ನು ಹಂತಹಂತವಾಗಿ ಮುಚ್ಚುವುದು. ಬರುವ ಫೆಬ್ರವರಿಯಲ್ಲಿ ಹೊಸ ಶಾಲಾ ವರ್ಷ ಶುರುವಾದಾಗಿನಿಂದ ಅದರ ಬದಲು ಎರಡು ಹೊಸ ವಿಭಾಗ, ಸೌರವಿದ್ಯುತ್ತು ಮತ್ತು ಕಂಪ್ಯೂಟರ್ ಪ್ರೋಗ್ರಾಮಿಂಗ್. ಒಂಬತ್ತನೇ ತರಗತಿಯ ಪ್ರತಿ ಮಗುವೂ ಇವೆರಡರಲ್ಲಿ ಒಂದು ಚೌಕಕ್ಕೆ ಗುರುತು ಹಾಕಿ, ಪೋಷಕರ ಸಹಿ ಪಡೆದು, ಅಕ್ಟೋಬರ್ ಹದಿನೈದರೊಳಗೆ ಅರ್ಜಿ ಕೊಡಬೇಕು. ಕೊಡದವರಿಗೆ ಹತ್ತನೇ ತರಗತಿಯಲ್ಲಿ ಜಾಗವಿಲ್ಲ. 'ಬದಲಾಗುತ್ತಿರುವ ಜಗತ್ತಿಗೆ ಯುವಜನರನ್ನು ಸಜ್ಜುಗೊಳಿಸುವುದು' ಎಂಬ ಮಾತು ಆ ಕಾಗದದಲ್ಲಿ ನಾಲ್ಕು ಕಡೆ ಇತ್ತು.

ಇಂಥ ಕಾಗದ ನಮ್ಮೂರಿಗೆ ಬಂದದ್ದು ಇದೇ ಮೊದಲಲ್ಲ. ನಾನು ಈ ಶಾಲೆಯಲ್ಲಿ ಓದುತ್ತಿದ್ದಾಗ ಕೊಲಂಬಿಯಾದ ಈ ಬಿಸಿಲ ಮೂಲೆಯಲ್ಲಿ ಕಣ್ಣು ಹಾಯುವಷ್ಟು ದೂರವೂ ಹತ್ತಿ ಬೆಳೆಯುತ್ತಿದ್ದರು. ಶಾಲೆಯಲ್ಲಿ ಹತ್ತಿಯ ದರ್ಜೆ ಗುರುತಿಸುವುದನ್ನು ಕಲಿಸುತ್ತಿದ್ದರು. ಎಳೆಯನ್ನು ಎರಡು ಹೆಬ್ಬೆರಳುಗಳ ನಡುವೆ ಹಿಡಿದು ಎಳೆದು ಅದರ ಉದ್ದ ಹೇಳಬೇಕು. ನನಗದು ಚೆನ್ನಾಗಿ ಬರುತ್ತಿತ್ತು, ತರಗತಿಗೇ ಮೊದಲಿಗಳು. ನನ್ನ ಸರ್ಟಿಫಿಕೇಟು ಕೈಗೆ ಬಂದ ವರ್ಷ ಊರಿನ ಕೊನೆಯ ಜಿನ್ನಿಂಗ್ ಮಿಲ್ಲಿಗೆ ಬೀಗ ಬಿತ್ತು. ಬೇರೆ ದಾರಿ ಕಾಣದೆ ಟೀಚರ್ ಆದೆ. ಆಮೇಲೆ ಕಲ್ಲಿದ್ದಲು ಬಂತು. ನೂರಿಪ್ಪತ್ತು ಡಬ್ಬಿಗಳ ರೈಲು ದಿನಕ್ಕೆ ಒಂಬತ್ತು ಸಲ ಊರ ನಡುವೆ ಹಾಯುತ್ತಿತ್ತು, ಒಮ್ಮೆ ಬಂದರೆ ಪಾಠ ನಿಲ್ಲಿಸಿ ಕಾಯಬೇಕು. ಶಾಲೆ ಹತ್ತಿಯನ್ನು ಬಿಟ್ಟು ಯಂತ್ರಗಳಿಗೆ ತಿರುಗಿತು. ಮೂರು ವರ್ಷದ ಹಿಂದೆ ಗಣಿ ಕಂಪನಿ ಪರವಾನಗಿಯನ್ನು ಸರಕಾರಕ್ಕೆ ಹಿಂದಿರುಗಿಸಿ ಹೊರಟುಹೋಯಿತು. ತೋಡಿದ ಗುಂಡಿಯಲ್ಲಿ ಈಗ ಹಸಿರು ನೀರು ನಿಂತಿದೆ. ನಮ್ಮಲ್ಲಿ ಕಲಿತು ಗಣಿ ಸೇರಿದ್ದವರು ಈಗ ಬೈಕಿನ ಹಿಂದೆ ಜನರನ್ನು ಕೂರಿಸಿಕೊಂಡು ಬಾಡಿಗೆ ಹೊಡೆಯುತ್ತಾರೆ.

ಮಧ್ಯಾಹ್ನ ಕಾಗದ ಹಿಡಿದು ವರ್ಕ್‌ಶಾಪಿಗೆ ಹೋದೆ. ಅಲ್ಲಿ ವಿಲ್ಫ್ರಿದೊ ಪೆರ್ತೂಸ್ ಇಪ್ಪತ್ತಮೂರು ವರ್ಷದಿಂದ ಹಳೆಯ ಬುಲ್ಡೋಜರಿನ ಎಂಜಿನ್ನೊಂದನ್ನು ಮಕ್ಕಳ ಕೈಯಲ್ಲಿ ಬಿಚ್ಚಿಸಿ ಕೂಡಿಸುತ್ತ ಬಂದಿದ್ದಾರೆ. ಐವತ್ತೆಂಟು ವರ್ಷ, ದೊಡ್ಡ ಹೊಟ್ಟೆ, ಕಿವಿಯ ಮೇಲೆ ಸದಾ ಒಂದು ಪೆನ್ಸಿಲ್. ಅವರು ಕಾಗದ ಓದಲಿಲ್ಲ. ಕನ್ನಡಕ ಎಲ್ಲೋ ಇಟ್ಟಿದ್ದರು.

"ನೀವೇ ಹೇಳಿಬಿಡಿ ಒತಿಲಿಯಾ. ನನ್ನನ್ನ ಮನೆಗೆ ಕಳಿಸ್ತಾರಾ?"

"ಇಲ್ಲ. ನೂರಾ ಅರವತ್ತು ಗಂಟೆ ತರಬೇತಿ ಕೊಡ್ತಾರಂತೆ. ಫೋನಲ್ಲಿ."

"ಏನು ಕಲೀಬೇಕು ನಾನು?"

"ಸೂರ್ಯ."

ಅವರು ಶಟರಿನ ಆಚೆ ಸುಡುತ್ತಿದ್ದ ಅಂಗಳ ನೋಡಿದರು. "ಐವತ್ತೆಂಟು ವರ್ಷದಿಂದ ನನ್ನ ತಲೆ ಮೇಲೇ ಕೂತಿದಾನೆ. ಸಾಕಷ್ಟು ಕಲ್ತಿದಾರೆ ಅಂತ ಬರೆದು ಕಳಿಸಿ."

ನಾನು ನಗಲಿಲ್ಲ. ಅವರೂ ನಗಲಿಲ್ಲ. ಕೈಯ ಗ್ರೀಸನ್ನು ಬಟ್ಟೆಗೆ ಒರೆಸಿಕೊಳ್ಳುತ್ತ, "ಹನ್ನೊಂದನೇ ಕ್ಲಾಸಿನ ಮಕ್ಕಳು ಎಂಜಿನ್ ಪೂರ್ತಿ ಬಿಚ್ಚಿದಾರೆ. ಕೂಡಿಸೋವರೆಗಾದ್ರೂ ಬಿಡ್ತಾರಾ?" ಎಂದರು.

"ನವೆಂಬರ್‌ವರೆಗೆ ಸಮಯ ಇದೆ."

"ಹಾಗಾದ್ರೆ ಸರಿ," ಎಂದು ಅವರು ಮತ್ತೆ ಬಗ್ಗಿದರು.

ಪೋಷಕರ ಸಭೆ ಕರೆದದ್ದು ಒಂದು ಶನಿವಾರ ಬೆಳಿಗ್ಗೆ, ಶೀಟು ಹೊದಿಸಿದ ಅಂಗಳದಲ್ಲಿ. ಕಚೇರಿಯಿಂದ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಅಧಿಕಾರಿಣಿಯೊಬ್ಬಳು ಬಂದಿದ್ದಳು. ಗೋಡೆಯ ಮೇಲೆ ಚಿತ್ರಗಳನ್ನು ಮೂಡಿಸಿ ಚೆನ್ನಾಗಿಯೇ ಮಾತಾಡಿದಳು. ಚಿತ್ರಗಳಲ್ಲಿ ಹಳದಿ ಹೆಲ್ಮೆಟ್ಟಿನ ಹುಡುಗಿಯರು ನೀಲಿ ಫಲಕಗಳ ಮುಂದೆ ನಿಂತು ನಗುತ್ತಿದ್ದರು. ಊರಿಂದ ಆರು ಕಿಲೋಮೀಟರ್ ದೂರದಲ್ಲಿ ದೊಡ್ಡ ಸೌರವಿದ್ಯುತ್ ಸ್ಥಾವರ ಬರಲಿದೆ ಎಂದಳು. ಏಳನೇ ಚಿತ್ರಕ್ಕೆ ಕರೆಂಟು ಹೋಯಿತು. ಹಿಂದಿನ ಸಾಲಿಂದ ಯಾರೋ "ಸೂರ್ಯನ್ನ ಕರೀರಿ!" ಎಂದು ಕೂಗಿದರು. ಅಂಗಳವೆಲ್ಲ ನಕ್ಕಿತು. ಆಕೆಗೆ ಇನ್ನೊಂದು ಊರಲ್ಲಿ ಹನ್ನೊಂದು ಗಂಟೆಗೆ ಇದೇ ಸಭೆಯಿತ್ತು. ಕೈ ಬೀಸಿ, ಜೀಪು ಹತ್ತಿ, ಹೋದಳು. ಪ್ರಶ್ನೆಗಳಿಗೆ ನಾನು ಉಳಿದೆ.

ನಾಫೆರ್ ಎದ್ದು ನಿಂತ. ಅವನು ನನ್ನ ಹಳೆಯ ವಿದ್ಯಾರ್ಥಿ, ಈಗ ಮೂವತ್ತೇಳು ವರ್ಷ. ಮಗಳು ಮಯೆರ್ಲಿ ಒಂಬತ್ತನೇ ತರಗತಿಯಲ್ಲಿದ್ದಳು. ಹೆಲ್ಮೆಟ್ಟು ಇನ್ನೂ ತೋಳಿಗೆ ಸಿಕ್ಕಿಸಿಕೊಂಡಿದ್ದ. ಬಾಡಿಗೆಯ ಮಧ್ಯೆ ಬಂದಿದ್ದನೆಂದು ಕಾಣುತ್ತದೆ.

"ಸೆನ್ಯೊ," ಎಂದ. ನಮ್ಮ ಕಡೆ ಟೀಚರಮ್ಮಂದಿರನ್ನು ಮುದುಕರಾದ ಶಿಷ್ಯರೂ ಹಾಗೇ ಕರೆಯುತ್ತಾರೆ. "ನಂದೊಂದೇ ಪ್ರಶ್ನೆ. ಇದು ಎಷ್ಟು ವರ್ಷ ನಡಿಯುತ್ತೆ?"

"ಯಾವುದು ನಾಫೆರ್?"

"ಈ ಸೂರ್ಯ."

ಮತ್ತೆ ನಗು. ಅವನು ಹಿಂದೆ ತಿರುಗಿದ. "ನಗ್ಬೇಡ್ರಪ್ಪ, ನಾನೇನು ತಮಾಷೆ ಮಾಡ್ತಿಲ್ಲ. ಸೆನ್ಯೊ, ನೀವು ನಮ್ಮನೆಗೆ ಬಂದಿದ್ರಿ. ಇಪ್ಪತ್ತೆರಡು ವರ್ಷ ಆಯ್ತು. ನಾನು ಸ್ಕೂಲು ಬಿಟ್ಟು ಮಾವನ ಜೊತೆ ದನದ ಕೆಲಸಕ್ಕೆ ಹೋಗ್ತೀನಿ ಅಂತಿದ್ದೆ. ದನ ಅಂದ್ರೆ ನನಗೆ ಜೀವ. ನೀವು ನಮ್ಮಮ್ಮನ ತೂಗೋ ಕುರ್ಚೀಲಿ ಕೂತ್ಕೊಂಡು ಏನಂದ್ರಿ ನೆನಪಿದೆಯಾ?"

ನೆನಪಿತ್ತು. ಗಣಿ ನಿನ್ನ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ ಎಂದಿದ್ದೆ. ಆಗ ಎಲ್ಲರೂ ಹಾಗೇ ಹೇಳುತ್ತಿದ್ದರು. ಹಾಗೆ ಹೇಳಲೆಂದೇ ಶಾಲೆ ನನ್ನನ್ನು ಮನೆಮನೆಗೆ ಕಳಿಸಿತ್ತು.

"ನೆನಪಿದೆ," ಎಂದೆ.

"ನನ್ನ ಮಗಳು ದೊಡ್ಡೋಳಾಗೋದ್ರೊಳಗೇ ಮುಚ್ಚಿಹೋಯ್ತು. ಈಗ ಅವಳಿಗೆ ಎರಡು ಚೌಕ ಕೊಟ್ಟಿದೀರಿ. ಯಾವುದಕ್ಕೆ ಗುರುತು ಹಾಕ್ಲಿ, ನೀವೇ ಹೇಳಿ."

ನಾನು ಏನೋ ಹೇಳಿದೆ. ಕಾಗದದಲ್ಲಿದ್ದ ಮಾತುಗಳನ್ನೇ ಹೇಳಿದೆನೆಂದು ಕಾಣುತ್ತದೆ, ಕೌಶಲ, ಹೊಂದಿಕೊಳ್ಳುವ ಗುಣ, ಅವಕಾಶ. ನನ್ನ ದನಿ ನನಗೇ ದೂರದಿಂದ ಕೇಳುತ್ತಿತ್ತು. ನಾಫೆರ್ ಪೂರ್ತಿ ಕೇಳಿಸಿಕೊಂಡ, ಹೆಲ್ಮೆಟ್ಟು ಹಾಕಿಕೊಂಡ, ಗೇಟಿನ ಕಡೆ ನಡೆದ. ಸಭೆ ಮುಗಿದ ಮೇಲೆ ಹೆಂಗಸರು ಬಂದು ನನ್ನ ಕೈ ಹಿಡಿದು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದರು. ಆದರೆ ಅವರಲ್ಲೂ ಯಾರೂ ಅವನು ಕೇಳಿದ್ದು ತಪ್ಪು ಅನ್ನಲಿಲ್ಲ.

ಅಕ್ಟೋಬರ್ ಹದಿನೈದರ ಮಧ್ಯಾಹ್ನಕ್ಕೆ ಅರವತ್ತೆರಡು ಅರ್ಜಿಗಳಲ್ಲಿ ಅರವತ್ತೊಂದು ಬಂದಿದ್ದವು. ಹೆಚ್ಚಿನವರು ಕಂಪ್ಯೂಟರಿಗೆ ಗುರುತು ಹಾಕಿದ್ದರು, ಬಿಸಿಲಲ್ಲಿ ನಿಲ್ಲುವ ಕೆಲಸ ಅದಲ್ಲವೆಂದು. ಬಾರದ್ದು ಮಯೆರ್ಲಿಯದು. ಕರೆಸಿ ಕೇಳಿದೆ.

"ಅಪ್ಪ ಸಹಿ ಹಾಕಲ್ಲ ಅಂತಾರೆ ಸೆನ್ಯೊ. ನಾನೇ ಅವರ ಸಹಿ ಹಾಕ್ಲಾ? ಚೆನ್ನಾಗಿ ಬರುತ್ತೆ ನಂಗೆ."

"ಅದನ್ನ ನನ್ನ ಹತ್ರ ಹೇಳ್ಬಾರದು ಕಣೆ."

"ಮತ್ತೆ ಯಾರ ಹತ್ರ ಹೇಳ್ಲಿ?"

ಐದು ಗಂಟೆಗೆ ಆನ್‌ಲೈನ್ ಪಟ್ಟಿ ಮುಚ್ಚುತ್ತದೆ. ನಾನು ಅವಳನ್ನೂ ಕರೆದುಕೊಂಡು ಅವರ ಮನೆಗೆ ಹೊರಟೆ. ಮೂರು ಗಂಟೆಯ ಬಿಸಿಲಲ್ಲಿ ನಮ್ಮೂರಲ್ಲಿ ನಾಯಿಗಳೂ ನಡೆಯುವುದಿಲ್ಲ. ದಾರಿಯಲ್ಲಿ ಅವಳು ತನ್ನ ನೋಟುಬುಕ್ಕನ್ನು ನನ್ನ ತಲೆಯ ಮೇಲೆ ಹಿಡಿದುಕೊಂಡೇ ಬಂದಳು. ಬೇಡವೆಂದರೂ ಬಿಡಲಿಲ್ಲ.

ಮಾವಿನ ಮರದ ಕೆಳಗೆ ನಾಫೆರ್ ಬೈಕಿನ ಚೈನು ಬಿಚ್ಚಿಕೊಂಡು ಕೂತಿದ್ದ. ಅವನ ತಾಯಿ ತಾರ್ಸಿಲಾ ಬಾಗಿಲಲ್ಲಿ ಮರಗೆಣಸು ಸುಲಿಯುತ್ತಿದ್ದಳು. ನನ್ನನ್ನು ಕಂಡದ್ದೇ, "ಬಂದ್ಲಪ್ಪ! ಈ ಸಲ ಕುರ್ಚಿ ಕೊಡಲ್ಲ ನಾನು. ಹೋದ ಸಲ ಅದರಲ್ಲಿ ಕೂರಿಸಿದ್ದಕ್ಕೇ ಇಷ್ಟಾಯ್ತು," ಎಂದಳು. ಹೇಳಿದವಳೇ ಎದ್ದು ಒಳಗಿಂದ ಕುರ್ಚಿ ತಂದು ಹಾಕಿ, ಕಾಫಿಗೆ ನೀರಿಟ್ಟಳು.

"ನಾಫೆರ್, ಐದು ಗಂಟೆಗೆ ಮುಚ್ಚುತ್ತೆ," ಎಂದೆ. "ಸಹಿ ಬೀಳದಿದ್ರೆ ಅವಳ ಹೆಸರು ಹೋಗುತ್ತೆ. ನನ್ನ ಮೇಲೆ ಕೋಪ ಇದ್ರೆ ನನ್ನ ಮೇಲೇ ಇರ್ಲಿ."

"ಕೋಪ ಇಲ್ಲ ಸೆನ್ಯೊ." ಅವನು ಚೈನಿನ ಕೊಂಡಿಗಳನ್ನು ಸೀಮೆಎಣ್ಣೆಯಲ್ಲಿ ಅದ್ದುತ್ತಿದ್ದ. "ಹದಿನಾಲ್ಕು ವರ್ಷ ಇನ್ನೂರೈವತ್ತು ಟನ್ನಿನ ಲಾರಿಗಳ ವೈರಿಂಗ್ ಮಾಡ್ದೆ. ಕೆಲಸ ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಆದ್ರೆ ಇವಳಿಗೂ ನಲವತ್ತಕ್ಕೆ ಮುಂಚೆ ಅದೇ ಆಗೋದಾದ್ರೆ, ಈಗಲೇ ಹೇಳಿಬಿಡಿ. ಸಭೇಲಿ ಹೇಳಿದ ಹಾಗಲ್ಲ. ನೀವು ಅಂದ್ಕೊಂಡಿರೋದು ಹೇಳಿ."

ನಾನು ತೂಗುವ ಕುರ್ಚಿಯ ಅಂಚಿನಲ್ಲಿ ಅದು ತೂಗದಂತೆ ಕಾಲೂರಿ ಕೂತಿದ್ದೆ. ಕಚೇರಿಯ ಕಾಗದ ಬಂದಾಗಿನಿಂದ ನಾನು ಎಂಟು ವರದಿ ಬರೆದಿದ್ದೆ. ಪ್ರತಿಯೊಂದರಲ್ಲೂ ಹತ್ತು ವರ್ಷದ ನಂತರ ಈ ಊರು ಹೇಗಿರುತ್ತದೆ ಎಂದು ತುಂಬಿಸಲು ಒಂದು ಜಾಗವಿತ್ತು. ತುಂಬಿಸಿಯೂ ಇದ್ದೆ.

"ನನಗೆ ಗೊತ್ತಿಲ್ಲ ನಾಫೆರ್," ಎಂದೆ. "ಆಗಲೂ ಗೊತ್ತಿರಲಿಲ್ಲ. ಗೊತ್ತಿರೋ ಹಾಗೆ ಮಾತಾಡ್ದೆ. ಅದು ತಪ್ಪಾಯ್ತು."

ತಾರ್ಸಿಲಾ ಕಾಫಿ ತಂದವಳು ಬಾಗಿಲಲ್ಲೇ ನಿಂತಳು. ನಾಫೆರ್ ತಲೆ ಎತ್ತಿ ನನ್ನನ್ನು ನೋಡಿದ. ಕ್ಷಮಿಸಿದ ಹಾಗೇನೂ ಕಾಣಲಿಲ್ಲ. ಬಹಳ ದಿನದಿಂದ ಹುಡುಕುತ್ತಿದ್ದ ಸ್ಪ್ಯಾನರ್ ಸಿಕ್ಕಿಯೂ ಅದರ ಅಳತೆ ಬೇರೆಯೆಂದು ಕಂಡವನ ಹಾಗಿದ್ದ.

"ಇಬ್ಬರೂ ಮುಗಿಸಿದ್ರಾ?" ಎಂದಳು ಮಯೆರ್ಲಿ. ಅವಳು ಮರಕ್ಕೆ ಒರಗಿ ನಿಂತಿದ್ದಳು. "ಎಲ್ಲರೂ ಅಪ್ಪನ್ನೇ ಕೇಳ್ತಿದೀರಿ, ಅಪ್ಪ ನಿಮ್ಮನ್ನ ಕೇಳ್ತಾರೆ. ನಾನೇನು ಕಂಬಾನಾ?"

"ಸರಿ, ನಿನಗೇನು ಬೇಕು?" ಎಂದೆ.

"ಸೌರ."

"ಯಾಕೆ?" ಎಂದ ನಾಫೆರ್.

"ಅದನ್ನ ವಿಲ್ಫ್ರಿದೊ ಮೇಷ್ಟ್ರು ಕಲಿಸ್ತಾರೆ, ಅದಕ್ಕೆ."

"ಅವರಿಗೆ ಅದರ ಗಂಧಗಾಳಿ ಗೊತ್ತಿಲ್ಲ ಕಣೆ!"

"ಗೊತ್ತು. ಅವರೇ ಹೇಳಿದಾರೆ. 'ನನಗೇನೂ ಗೊತ್ತಿಲ್ಲ, ಒಟ್ಟಿಗೆ ಕಲಿಯೋಣ, ಬೈದ್ರೆ ಒಟ್ಟಿಗೆ ಬೈಸ್ಕೊಳ್ಳೋಣ' ಅಂದ್ರು. ಕಂಪ್ಯೂಟರಿಗೆ ಬರೋ ಮೇಷ್ಟ್ರು ಮೊನ್ನೆ ಕ್ಲಾಸಿಗೆ ಬಂದಿದ್ರಲ್ಲ, ಎಲ್ಲಾ ಗೊತ್ತಿರೋ ಥರ ಮಾತಾಡ್ತಾರೆ, ಹೆದರಿಕೆ ಆಗುತ್ತೆ."

ತಾರ್ಸಿಲಾ ಗಟ್ಟಿಯಾಗಿ ನಕ್ಕಳು. ನಾಫೆರ್ ಕೈ ಒರೆಸಿಕೊಂಡ. ಪೂರ್ತಿ ಒರೆಸಿಕೊಂಡಿರಲಿಲ್ಲ, ಅರ್ಜಿಯ ಮೇಲೆ ಸಹಿಯ ಜೊತೆ ಎರಡು ಕಪ್ಪು ಬೆರಳುಗಳ ಗುರುತೂ ಬಿತ್ತು. ನಾಲ್ಕೂ ನಲವತ್ತಕ್ಕೆ ಊರಿನ ಇಂಟರ್ನೆಟ್ ಅಂಗಡಿಯಲ್ಲಿ ಕೂತು ನಾನದನ್ನು ಪಟ್ಟಿಗೆ ಸೇರಿಸಿದೆ.

ನವೆಂಬರಿನಲ್ಲಿ ಹನ್ನೊಂದನೇ ತರಗತಿಯವರು ಎಂಜಿನ್ ಕೂಡಿಸಿ ಮುಗಿಸಿದರು. ಮೂರನೇ ಸಲಕ್ಕೆ ಅದು ಹತ್ತಿಕೊಂಡಿತು, ವರ್ಕ್‌ಶಾಪೆಲ್ಲ ಹೊಗೆಯಾಯಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಡಿಸೆಂಬರಿನಲ್ಲಿ ಹರಾಜು ಹಿಡಿದವನ ಲಾರಿ ಬಂದು ಅದನ್ನು ಗುಜರಿಗೆ ಒಯ್ದಿತು. ವಿಲ್ಫ್ರಿದೊ ಆ ದಿನ ರಜೆ ಹಾಕಿದ್ದರು.

ಫೆಬ್ರವರಿಯಲ್ಲಿ ಸಾಮಾನು ಬಂತು. ಇಪ್ಪತ್ತು ಕಂಪ್ಯೂಟರ್, ಇಂಟರ್ನೆಟ್ ಇಲ್ಲ. ಹನ್ನೆರಡು ಸೌರಫಲಕ, ಅವುಗಳ ಕರೆಂಟನ್ನು ಹದಕ್ಕೆ ತರುವ ಎರಡು ಪೆಟ್ಟಿಗೆ, ನಾಲ್ಕು ಬ್ಯಾಟರಿ, ಚೀನೀ ಭಾಷೆಯಲ್ಲಿ ಒಂದು ಪುಸ್ತಕ. ಜೋಡಿಸಿಕೊಡಲು ತಂತ್ರಜ್ಞ ಬರುತ್ತಾನೆ ಎಂದು ಕಚೇರಿಯವರು ಹೇಳಿದ್ದರು. ನಾನು ವಾರಕ್ಕೆರಡು ಸಲ ಫೋನ್ ಮಾಡಿದೆ. ಆತ ಬೇರೆ ಊರಿನಲ್ಲಿದ್ದಾನೆ, ರಜೆಯಲ್ಲಿದ್ದಾನೆ, ಗುತ್ತಿಗೆ ಮುಗಿದಿದೆ, ಹೊಸ ಗುತ್ತಿಗೆ ಆಗುತ್ತಿದೆ. ಮಾರ್ಚ್ ಹೊತ್ತಿಗೆ ಫೋನ್ ಮಾಡುವುದನ್ನು ಬಿಟ್ಟೆ.

ವಿಲ್ಫ್ರಿದೊ ಅವರ ತರಬೇತಿ ಇನ್ನೊಂದು ಕತೆ. ಫೋನನ್ನು ಕಿಟಕಿಯ ಸರಳಿಗೆ ಕಟ್ಟಿದರೆ ಮಾತ್ರ ಸಿಗ್ನಲ್ ಸಿಗುತ್ತಿತ್ತು. ಅವರು ಕಿಟಕಿಯ ಮುಂದೆ ನಿಂತು ನೂರಾ ಅರವತ್ತು ಗಂಟೆ ಕೇಳಿಸಿಕೊಂಡರು. ಪರೀಕ್ಷೆಯಲ್ಲಿ ಫೇಲಾದರು. ಮರುದಿನ ತರಗತಿಗೆ ಬಂದು ಮಕ್ಕಳಿಗೆ ತಾವೇ ಹೇಳಿದರು. "ನೂರಕ್ಕೆ ನಲವತ್ತೊಂದು. ಅರವತ್ತು ಬೇಕಿತ್ತು. ತಪ್ಪಾದ ಪ್ರಶ್ನೆಗಳನ್ನ ಬರ್ಕೊಂಡು ಬಂದಿದೀನಿ, ಉತ್ತರ ಹುಡುಕೋಣ ಬನ್ನಿ." ಸೌರ ವಿಭಾಗ ಸೇರಿದ್ದ ಹದಿನಾಲ್ಕು ಮಕ್ಕಳು ಮುಖ್ಯೋಪಾಧ್ಯಾಯಿನಿಯ ಎದುರೇ ಮೇಷ್ಟ್ರ ಪರೀಕ್ಷೆಗೆ ಉತ್ತರ ಹುಡುಕತೊಡಗಿದರು. ನಾನು ನೋಡಿಯೂ ನೋಡದವಳ ಹಾಗೆ ಹೊರಟುಬಂದೆ.

ಫಲಕಗಳನ್ನು ತಾವೇ ಜೋಡಿಸುವುದು ಎಂದು ಅವರು ತೀರ್ಮಾನಿಸಿದ್ದು ಆ ವಾರವೇ. ಮಕ್ಕಳು ವೈರಿಂಗಿನ ಒಂದು ನಕ್ಷೆ ಬರೆದು, ಅದರಂತೆ ಫಲಕಗಳನ್ನು ಪೋಣಿಸಿದರು. ಮಯೆರ್ಲಿ ಅದರ ಫೋಟೋ ತೆಗೆದುಕೊಂಡು ಮನೆಗೆ ಹೋದಳು. ಮಾರನೆಯ ಬೆಳಿಗ್ಗೆ ಏಳಕ್ಕೆ ನಾಫೆರ್ ಶಾಲೆಯ ಗೇಟಿನಲ್ಲಿದ್ದ. ಬೈಕನ್ನು ಆರಿಸಿಯೂ ಇರಲಿಲ್ಲ.

"ಸೆನ್ಯೊ, ಸ್ವಿಚ್ಚು ಹಾಕಿದೀರಾ?"

"ಇಲ್ಲ. ಯಾಕೆ?"

"ಹಾಕ್ಬೇಡಿ."

ವರ್ಕ್‌ಶಾಪಿನಲ್ಲಿ ನಕ್ಷೆಯ ಮುಂದೆ ನಿಂತು ವಿಲ್ಫ್ರಿದೊ ಅವರಿಗೆ ತೋರಿಸಿದ. "ಹನ್ನೆರಡನ್ನೂ ಒಂದೇ ಸಾಲಲ್ಲಿ ಪೋಣಿಸಿದೀರಿ ಮೇಷ್ಟ್ರೇ. ವೋಲ್ಟೇಜು ಕೂಡ್ತಾ ಹೋಗುತ್ತೆ. ಈ ಪೆಟ್ಟಿಗೆ ಅಷ್ಟು ತಡೆಯಲ್ಲ, ಸುಟ್ಟು ಹೋಗುತ್ತೆ. ಯಾರಾದ್ರೂ ಮುಟ್ಟಿದ್ರೆ ಅವರೂ ಹೋಗ್ತಾರೆ. ಮೂರು ಮೂರರ ನಾಲ್ಕು ಸಾಲು ಮಾಡಿ."

ವಿಲ್ಫ್ರಿದೊ ಕನ್ನಡಕ ಹಾಕಿಕೊಂಡು ನೋಡಿದರು. ಬಹಳ ಹೊತ್ತು ನೋಡಿದರು. ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಒಂದೊಂದೇ ಗೆರೆ ಎಣಿಸಿದರು. ಅವರು ಹಿಂದಿನ ದಿನ ಸಂಜೆಯೇ ಸ್ವಿಚ್ಚು ಹಾಕಬೇಕೆಂದಿದ್ದರಂತೆ, ಮಳೆಮೋಡ ಬಂದದ್ದರಿಂದ ಬಿಟ್ಟಿದ್ದರು. ಅದನ್ನು ನನಗೆ ಆಮೇಲೆ ಹೇಳಿದರು, ಮಕ್ಕಳಿಗೆ ಹೇಳಲಿಲ್ಲ.

"ಇದನ್ನೆಲ್ಲಿ ಕಲ್ತೆ ಅಪ್ಪ?" ಎಂದಳು ಮಯೆರ್ಲಿ.

"ಗಣೀಲಿ. ಆ ಲಾರಿಗಳ ಚಕ್ರಾನ ತಿರುಗಿಸೋದು ಕರೆಂಟೇ. ಒಬ್ಬ ಮುದುಕ ಇದ್ದ, ಪೆರು ದೇಶದೋನು, ಅವನು ಕಲಿಸ್ದ."

"ಹಾಗಾದ್ರೆ ಸ್ಕೂಲಲ್ಲಿ ಏನೂ ಕಲೀಲಿಲ್ವಾ?"

ನಾನು ಬಾಗಿಲಲ್ಲೇ ನಿಂತಿದ್ದೆ. ನಾಫೆರ್ ನನ್ನ ಕಡೆ ನೋಡದೆ ಹೇಳಿದ, "ನಕ್ಷೆ ಓದೋದು ಕಲ್ತೆ. ಈ ಮಹಾರಾಯರು ಒಂದೇ ನಕ್ಷೇನ ಹನ್ನೊಂದು ಸಲ ಬರೆಸಿದ್ರು."

"ಹನ್ನೆರಡು," ಎಂದರು ವಿಲ್ಫ್ರಿದೊ. "ಹನ್ನೊಂದನೇದ್ರಲ್ಲೂ ಒಂದು ಗೆರೆ ತಪ್ಪಿತ್ತು."

ಆಮೇಲೆ ಅವನು ಬುಧವಾರ, ಶುಕ್ರವಾರ ಮಧ್ಯಾಹ್ನ ಬರತೊಡಗಿದ. ಆ ಹೊತ್ತಲ್ಲಿ ಹೇಗೂ ಬಾಡಿಗೆ ಕಡಿಮೆ. ಹೊರಗಿನವರು ತರಗತಿಯೊಳಗೆ ಇರಬಾರದೆಂದು ನಿಯಮ. ನಾನು ಸಂದರ್ಶಕರ ಪುಸ್ತಕದಲ್ಲಿ ಪ್ರತಿ ಸಲವೂ 'ಪೋಷಕರ ಭೇಟಿ, ಮಗಳ ಪ್ರಗತಿಯ ಬಗ್ಗೆ ಚರ್ಚೆ' ಎಂದು ಬರೆದೆ. ಇಷ್ಟೊಂದು ಚರ್ಚೆಗೊಳಗಾದ ಮಗು ಈ ಶಾಲೆಯ ಚರಿತ್ರೆಯಲ್ಲೇ ಇರಲಿಕ್ಕಿಲ್ಲ.

ಅವನು ಒಳ್ಳೆಯ ಮೇಷ್ಟ್ರೇನೂ ಅಲ್ಲ. ಬೇಗ ರೇಗುತ್ತಿದ್ದ, ಮಕ್ಕಳ ಕೈಯಿಂದ ವೈರು ಕಿತ್ತುಕೊಂಡು ತಾನೇ ಮಾಡಿಬಿಡುತ್ತಿದ್ದ. ಆಗ ವಿಲ್ಫ್ರಿದೊ ಹಿಂದಿನಿಂದ, "ನಾಫೆರ್, ಅವನು ಮಾಡ್ಲಿ. ತಪ್ಪು ಮಾಡೋಕೆ ಅವನಿಗೂ ಹಕ್ಕಿದೆ," ಅನ್ನುತ್ತಿದ್ದರು. ನಾಫೆರ್ ಹಲ್ಲು ಕಚ್ಚಿ ವೈರು ಹಿಂದಿರುಗಿಸುತ್ತಿದ್ದ. ಸಂಜೆ ಹೋಗುವಾಗ ಕೆಲವೊಮ್ಮೆ ನನ್ನ ಕೋಣೆಯ ಮುಂದೆ ನಿಂತು, "ನಾಳಿದ್ದು ಬರ್ತೀನಿ ಸೆನ್ಯೊ," ಎಂದಷ್ಟೇ ಹೇಳುತ್ತಿದ್ದ. ನಮ್ಮಿಬ್ಬರ ನಡುವೆ ಅದಕ್ಕಿಂತ ಹೆಚ್ಚು ಮಾತು ನಡೆಯುತ್ತಿರಲಿಲ್ಲ.

ಏಪ್ರಿಲಿನಲ್ಲಿ ಸ್ಥಾವರದ ಕೆಲಸ ಶುರುವಾಯಿತು. ಊರಿನವರೆಲ್ಲ ಅರ್ಜಿ ಹಾಕಿದರು. ಕಟ್ಟುವ ಎಂಟು ತಿಂಗಳಿಗೆ ಮುನ್ನೂರು ಜನ ಬೇಕು, ಕಟ್ಟಿ ಮುಗಿದ ಮೇಲೆ ನಡೆಸಲು ಹನ್ನೊಂದು ಜನ ಸಾಕು. ಅದನ್ನು ಸಭೆಯಲ್ಲಿ ಯಾರೂ ಹೇಳಿರಲಿಲ್ಲ. ನಾಫೆರ್ ಎಲೆಕ್ಟ್ರಿಷಿಯನ್ ಕೆಲಸಕ್ಕೆ ಹೋದ. ಸೌರವಿದ್ಯುತ್ತಿನ ಸರ್ಟಿಫಿಕೇಟು ಕೇಳಿದರಂತೆ. ಇಲ್ಲವೆಂದ. ಫಲಕ ಹೊರುವ ಕೆಲಸವಿದೆ, ಅದಕ್ಕೆ ಸರ್ಟಿಫಿಕೇಟು ಬೇಡ ಎಂದರಂತೆ. ಅವನು ಅದಕ್ಕೇ ಒಪ್ಪಿಕೊಂಡ.

ಮಯೆರ್ಲಿ ನನ್ನ ಕೋಣೆಗೆ ಬಂದದ್ದು ಆ ಸೋಮವಾರ. ಕೂರಲಿಲ್ಲ.

"ನೀವೊಂದು ಕಾಗದ ಬರೆದು ಕೊಡಿ ಸೆನ್ಯೊ. ಅಪ್ಪಂಗೆ ಎಲ್ಲಾ ಬರುತ್ತೆ ಅಂತ. ಅಲ್ಲಿರೋ ಎಂಜಿನಿಯರಿಗಿಂತ ಚೆನ್ನಾಗಿ ಬರುತ್ತೆ."

"ಆವತ್ತೇ ಬರೆದು ಕೊಟ್ಟೆ ಮಗಳೇ. ತಗೊಳ್ಳಲಿಲ್ಲ. ಸರ್ಟಿಫಿಕೇಟೇ ಬೇಕಂತೆ."

"ಎರಡು ವರ್ಷ ಬಿಟ್ರೆ ನನಗೆ ಆ ಸರ್ಟಿಫಿಕೇಟು ಸಿಗುತ್ತೆ. ನನಗೆ ಕಲಿಸಿದೋರು ಕೂಲಿ ಮಾಡ್ತಾರೆ, ನನಗೆ ಸರ್ಟಿಫಿಕೇಟು. ಆಗ ಅಲ್ಲಿ ಜಾಗಾನೂ ಇರಲ್ಲ." ಅವಳು ಮೇಜಿನ ಮೇಲಿದ್ದ ನನ್ನ ಕಾಗದಗಳನ್ನು ಆಚೆ ತಳ್ಳಿದಳು. "ಇದೆಲ್ಲ ಯಾಕೆ ಮಾಡ್ತಿದೀವಿ ನಾವು?"

ಗೊತ್ತಿಲ್ಲವೆಂದು ಹೇಳುವ ಅಭ್ಯಾಸ ಅಷ್ಟು ಹೊತ್ತಿಗೆ ಆಗಿತ್ತು, ಹಾಗೇ ಹೇಳಿದೆ. ಡ್ರಾಯರಿನಲ್ಲಿದ್ದ ಬಿಸ್ಕತ್ತಿನ ಪೊಟ್ಟಣ ತೆಗೆದು ಮುಂದಿಟ್ಟೆ. ಅವಳು ಕೂತು ನಾಲ್ಕು ಬಿಸ್ಕತ್ತು ತಿಂದಳು. ಆಮೇಲೆ, "ಬ್ಯಾಟರಿ ಇನ್ನೂ ಜೋಡಿಸಿಲ್ಲ, ಮೇಷ್ಟ್ರು ಕಾಯ್ತಿರ್ತಾರೆ," ಎಂದು ಎದ್ದು ಹೋದಳು.

ನಾಫೆರ್ ಬೆಳಿಗ್ಗೆ ನಾಲ್ಕಕ್ಕೆ ಲಾರಿ ಹತ್ತುತ್ತಿದ್ದ, ಬುಧವಾರ ಶುಕ್ರವಾರದ ಭೇಟಿ ನಿಂತಿತು. ಭಾನುವಾರ ಮಗಳು ಬರೆದುಕೊಂಡು ಹೋದ ಪ್ರಶ್ನೆಗಳಿಗೆ ಮಾವಿನ ಮರದ ಕೆಳಗೆ ಮಲಗಿಕೊಂಡೇ ಉತ್ತರ ಹೇಳುತ್ತಿದ್ದನಂತೆ. ಬೆನ್ನು ಬಹಳ ನೋಯುತ್ತದೆ ಎಂದು ತಾರ್ಸಿಲಾ ಚರ್ಚಿನ ಬಾಗಿಲಲ್ಲಿ ಸಿಕ್ಕಾಗ ಹೇಳಿದಳು. "ಅವನು ಕೇಳಿದ್ದು ದನ, ಸಿಕ್ಕಿದ್ದು ದನದ ಕೆಲಸ," ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಅವಳು ನನ್ನ ಭುಜ ತಟ್ಟಿ, "ಬಿಡು, ನಿನ್ನನ್ನ ಅಂದಿದ್ದಲ್ಲ," ಎಂದಳು.

ಮೇ ತಿಂಗಳ ಒಂದು ಗುರುವಾರ ಮಧ್ಯಾಹ್ನ ಫಲಕಗಳು ಕೆಲಸ ಶುರುಮಾಡಿದವು. ಸಮಾರಂಭ ಏನೂ ಇರಲಿಲ್ಲ. ಕಚೇರಿಗೆ ತಿಳಿಸಿದರೆ ಯಾರಾದರೂ ಬಂದು ಫೋಟೋ ತೆಗೆಸಿಕೊಳ್ಳುತ್ತಾರೆಂದು ವಿಲ್ಫ್ರಿದೊ ತಿಳಿಸುವುದೇ ಬೇಡವೆಂದರು. ಮೂರು ಮತ್ತು ನಾಲ್ಕನೇ ಕೋಣೆಯ ಆರು ಫ್ಯಾನುಗಳಿಗೆ ಸಂಪರ್ಕ ಕೊಟ್ಟಿದ್ದರು. ಊರಿಗೆಲ್ಲ ಕರೆಂಟು ಹೋಗಿದ್ದ ಹೊತ್ತದು. ಹದಿನಾಲ್ಕು ಮಕ್ಕಳೂ ತಲೆ ಎತ್ತಿ ನಿಂತರು. ಮಯೆರ್ಲಿ ಸ್ವಿಚ್ಚು ಹಾಕಿದಳು. ಐದು ಫ್ಯಾನು ತಿರುಗಿದವು. ಆರನೆಯದು ಗುಂಯ್‌ಗುಟ್ಟಿತೇ ಹೊರತು ಅಲುಗಾಡಲಿಲ್ಲ. ಒಬ್ಬಳು ಪೊರಕೆಯ ಹಿಡಿಯಿಂದ ಅದರ ರೆಕ್ಕೆಯನ್ನು ತಳ್ಳಿದಳು, ಅದೂ ತಿರುಗಿತು. ಮಕ್ಕಳು ಕೂಗಾಡಿದ್ದಕ್ಕೆ ಪಕ್ಕದ ತರಗತಿಯ ಟೀಚರ್ ಬಂದು ಗದರಿಸಿದಳು. ಬಂದವಳು ಫ್ಯಾನಿನ ಕೆಳಗೆ ಒಂದು ನಿಮಿಷ ಹಾಗೇ ನಿಂತು, ತನ್ನ ತರಗತಿಯನ್ನೂ ಇಲ್ಲಿಗೇ ಕರೆದುಕೊಂಡು ಬಂದಳು.

ಗಂಟೆ ಹೊಡೆದು ಎಲ್ಲರೂ ಹೋದ ಮೇಲೆ ನಾನು ಆ ಕೋಣೆಗೆ ಹೋದೆ. ವಿಲ್ಫ್ರಿದೊ ಕುರ್ಚಿಯಲ್ಲಿ ಕೂತಲ್ಲೇ ನಿದ್ದೆ ಹೋಗಿದ್ದರು, ಕನ್ನಡಕ ಹೊಟ್ಟೆಯ ಮೇಲೆ. ಕಿಟಕಿಗೆ ಕಟ್ಟಿದ ಫೋನಿನಲ್ಲಿ ಯಾರೋ ಮೆಲ್ಲಗೆ ಪಾಠ ಮಾಡುತ್ತಿದ್ದರು. ಮುಂದಿನ ತಿಂಗಳು ಅವರಿಗೆ ಮರುಪರೀಕ್ಷೆ. ಮಯೆರ್ಲಿ ಒಬ್ಬಳೇ ಬ್ಯಾಟರಿ ಪೆಟ್ಟಿಗೆಯ ಮುಂದೆ ಮಂಡಿಯೂರಿ ಮೀಟರಿನ ಅಂಕಿಗಳನ್ನು ಬರೆದುಕೊಳ್ಳುತ್ತಿದ್ದಳು.

"ಮನೆಗೆ ಹೋಗಲ್ವಾ?" ಎಂದೆ.

"ಹೋಗ್ತೀನಿ. ಅರ್ಧ ಗಂಟೆಗೊಂದು ಸಲ ಬರ್ಕೊಳ್ಳೋಕೆ ಹೇಳಿದಾರೆ ಅಪ್ಪ. ನೀವು?"

"ನಾನೂ ಹೋಗ್ಬೇಕು."

ಹೋಗಲಿಲ್ಲ. ಚಪ್ಪಲಿ ಕಳಚಿ, ಫ್ಯಾನಿನ ನೇರ ಕೆಳಗೆ ಮಕ್ಕಳ ಬೆಂಚೊಂದರ ಮೇಲೆ ಕೂತೆ. ಗಾಳಿ ಬಿಸಿಯಾಗಿತ್ತು. ಆದರೂ ಗಾಳಿ. ಮಯೆರ್ಲಿ ಎದ್ದು ಬಂದು ಮೇಷ್ಟ್ರ ಹೊಟ್ಟೆಯ ಮೇಲಿದ್ದ ಕನ್ನಡಕವನ್ನು ಮೆತ್ತಗೆ ತೆಗೆದು ಮೇಜಿನ ಮೇಲಿಟ್ಟಳು. ಮತ್ತೆ ಹೋಗಿ ಮೀಟರಿನ ಮುಂದೆ ಕೂತಳು.